ಪರದೆಗೆ ಕೇಳಿಸದ ಪ್ರಶ್ನೆ

ಕರಿಹಲಗೆ, ಸೀಮೆಸುಣ್ಣ, ಪಠ್ಯಪುಸ್ತಕ: ಹಳ್ಳಿಯ ಶಾಲೆಯ ಸಂಪತ್ತು ಬಹುಕಾಲ ಇಷ್ಟೇ ಆಗಿತ್ತು. ಇಂದು ಆ ಸಾಲಿಗೆ ದೂರದರ್ಶನ, ಗಣಕಯಂತ್ರ, ಮೊಬೈಲ್ ಫೋನುಗಳು ಬಂದು ಸೇರಿವೆ. ನಾಳೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಯಾವುದಾದರೊಂದು ಹಳ್ಳಿಯಲ್ಲಿ ಪಾಠ ಹೇಳಬೇಕೆಂದು ಇಂದು ತರಬೇತಿ ಪಡೆಯುತ್ತಿರುವ ಭಾವೀ ಶಿಕ್ಷಕಿಯ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಯಂತ್ರವೇ ಇಷ್ಟೊಂದನ್ನು ಕಲಿಸಬಲ್ಲುದಾದರೆ ಗುರುವಿಗೆ ಉಳಿಯುವ ಕೆಲಸವೇನು?

ಈ ಮೂರು ತಾಲ್ಲೂಕುಗಳು ಸೇರಿರುವ ಕಲಬುರಗಿ ಜಿಲ್ಲೆಗೆ ಈ ಪ್ರಶ್ನೆ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತದಲ್ಲಿ ಉಪಗ್ರಹದ ಮೂಲಕ ದೂರದರ್ಶನ ಶಿಕ್ಷಣದ ಮಹಾಪ್ರಯೋಗವೊಂದು ನಡೆಯಿತು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದ ಅಮೆರಿಕದ ಎ.ಟಿ.ಎಸ್.-6 ಉಪಗ್ರಹವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ತಲುಪಿಸಿತು. ಕರ್ನಾಟಕದಲ್ಲಿ ಈ ಪ್ರಯೋಗಕ್ಕೆ ಆರಿಸಲ್ಪಟ್ಟವು ಅಂದಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳು. ಬೆಳಿಗ್ಗೆ ಮಕ್ಕಳಿಗೆ ಪಾಠ. ಸಂಜೆ ಹಿರಿಯರಿಗೆ ಬೇಸಾಯ, ಆರೋಗ್ಯಗಳ ವಿಚಾರ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲೇ ಬಯಲುಸೀಮೆಯ ಹಳ್ಳಿಯ ಮಕ್ಕಳು ಆ ಬೆಳಕಿನ ಪರದೆಯನ್ನು ಕಂಡಿದ್ದರು!

ಆ ಪ್ರಯೋಗದ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದಕ್ಕೊಂದು ಮಿತಿಯೂ ಇದ್ದಿತು. ಪರದೆ ಮಾತನಾಡುತ್ತಿತ್ತು, ಮಗುವಿನ ಮಾತು ಅದಕ್ಕೆ ಕೇಳಿಸುತ್ತಿರಲಿಲ್ಲ. ಮೂರು ಜಿಲ್ಲೆಗಳ ಮಕ್ಕಳೆಲ್ಲರಿಗೂ ಪಾಠ ಒಂದೇ. ಅದನ್ನು ಕೇಳಿ ಯಾವ ಮಗು ಬೆರಗಾಯಿತು, ಯಾವ ಮಗು ಏನೂ ತಿಳಿಯದೆ ತಲೆ ತಗ್ಗಿಸಿತು ಎಂಬುದನ್ನು ಕಾಣಬಲ್ಲವರು ಅಲ್ಲಿದ್ದ ಅಧ್ಯಾಪಕರು ಮಾತ್ರ.

ಕಾಲ ಬದಲಾಯಿತು. ಈಗಿನ ಯಂತ್ರಗಳು ಮಕ್ಕಳ ಪ್ರಶ್ನೆಗೆ ಉತ್ತರವನ್ನೂ ಕೊಡುತ್ತವೆ. ಆದರೆ ಪ್ರಶ್ನೆ ಕೇಳಬೇಕಾದರೆ ಯಂತ್ರ ಕೈಯಲ್ಲಿರಬೇಕಷ್ಟೆ? 2020ರಲ್ಲಿ ಕೊರೋನಾ ಸೋಂಕಿನಿಂದ ಶಾಲೆಗಳು ಮುಚ್ಚಿದಾಗ ಈ ಸತ್ಯ ಎಲ್ಲರ ಕಣ್ಣಿಗೂ ಬಿದ್ದಿತು. ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಆದರೆ ಎಷ್ಟೋ ಮನೆಗಳಲ್ಲಿ ಇದ್ದುದು ಒಂದೇ ಫೋನು. ಅದು ತಂದೆಯೊಡನೆ ಹೊಲಕ್ಕೋ, ದುಡಿಮೆಯನ್ನರಸಿ ದೂರದ ಪುಣೆ, ಮುಂಬಯಿಗಳಿಗೋ ಹೋಗುತ್ತಿತ್ತು. ಆ ವರ್ಷ ಕರ್ನಾಟಕದಲ್ಲಿ ಆರಂಭವಾದ 'ವಿದ್ಯಾಗಮ' ಕಾರ್ಯಕ್ರಮದಲ್ಲಿ ಅಧ್ಯಾಪಕರೇ ಮಕ್ಕಳಿರುವಲ್ಲಿಗೆ ನಡೆದರು. ಗುಡಿಯ ಕಟ್ಟೆ, ಮರದ ನೆರಳುಗಳೇ ತರಗತಿಗಳಾದವು. ಯಂತ್ರ ತಲುಪದ ಮಗುವನ್ನು ಮನುಷ್ಯನ ಕಾಲು ತಲುಪಿತು.

ಹಾಗೆಂದು ಯಂತ್ರವನ್ನು ದೂರವಿಡಬೇಕೆಂದು ವಾದಿಸುವುದು ಸರಿಯಲ್ಲ. ವಿಜ್ಞಾನಕ್ಕೋ ಗಣಿತಕ್ಕೋ ಅಧ್ಯಾಪಕರೇ ಇಲ್ಲದ ಶಾಲೆಗೆ ಒಳ್ಳೆಯ ದೃಶ್ಯಪಾಠವೊಂದು ದೊಡ್ಡ ಆಸರೆ. ಬರಿಗಣ್ಣಿಗೆ ಕಾಣದುದನ್ನು ಅದು ಕಾಣಿಸಬಲ್ಲುದು. ಕಲಬುರಗಿಯ ತೊಗರಿಯನ್ನೇ ನೋಡಬಹುದು. ತೊಗರಿಯ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಆಹಾರವಾಗಿಸುತ್ತವೆ. ಆ ಜೀವಿಗಳ ರೂಪವನ್ನು ಕರಿಹಲಗೆಯ ಚಿತ್ರಕ್ಕಿಂತ ಪರದೆ ನೂರುಪಾಲು ಚೆನ್ನಾಗಿ ತೋರಿಸೀತು. ಆದರೆ ಜಾಣ ಶಿಕ್ಷಕಿ ಅಲ್ಲಿಗೇ ನಿಲ್ಲುವುದಿಲ್ಲ. ಮಳೆಗಾಲದ ಒಂದು ಬೆಳಿಗ್ಗೆ ಮಕ್ಕಳನ್ನು ಪಕ್ಕದ ಹೊಲಕ್ಕೆ ಕರೆದೊಯ್ದು, ಒಡೆಯನ ಒಪ್ಪಿಗೆ ಪಡೆದು, ಒಂದು ತೊಗರಿಗಿಡವನ್ನು ಬೇರುಸಹಿತ ಅಗೆಸುತ್ತಾಳೆ. ಗಂಟನ್ನು ಸೀಳಿದಾಗ ಒಳಗೆ ಕಾಣುವ ನಸುಗೆಂಪು ಬಣ್ಣವನ್ನು ಮಕ್ಕಳೇ ಕಂಡು, "ಇದು ಯಾಕ ಕೆಂಪಗದರಿ, ಟೀಚರ್?" ಎಂದು ಕೇಳುವವರೆಗೆ ಕಾಯುತ್ತಾಳೆ. ಪಾಠ ಆರಂಭವಾಗುವುದು ಆ ಪ್ರಶ್ನೆಯಿಂದ.

ಹಾಗಾದರೆ ಭಾವೀ ಶಿಕ್ಷಕಿಯ ಮೊದಲ ಪ್ರಶ್ನೆಗೆ ಉತ್ತರವೇನು? ಯಂತ್ರವು ಉತ್ತರಗಳ ಭಂಡಾರ. ಗುರುವಾದರೋ ಪ್ರಶ್ನೆಗಳನ್ನು ಬೆಳೆಸುವ ಕೃಷಿಕ. ತರಗತಿಯಲ್ಲಿ ಎಷ್ಟು ಯಂತ್ರಗಳಿವೆ ಎಂದು ಎಣಿಸುವ ಮುನ್ನ, ಕೊನೆಯ ಸಾಲಿನಲ್ಲಿ ಮೌನವಾಗಿ ಕುಳಿತಿರುವ ಮಗು ಈ ವಾರ ಒಂದು ಪ್ರಶ್ನೆಯನ್ನಾದರೂ ಕೇಳಿತೇ ಎಂದು ಅವಳು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಫೋನಿಲ್ಲದ ಮನೆಯ ಮಗುವಿಗೂ ತಿಳಿಯುವಂತೆ ಪಾಠವನ್ನು ಸಿದ್ಧಪಡಿಸಿಕೊಳ್ಳಬೇಕು. ವಿದ್ಯುತ್ತು ಹೋಗಿ ಪರದೆ ಕತ್ತಲಾದಾಗಲೂ ಪಾಠ ನಿಲ್ಲದೆ ಮುಂದುವರಿಯುವ ಶಾಲೆಯೇ ಯಂತ್ರವನ್ನು ಸರಿಯಾಗಿ ಬಳಸಿಕೊಂಡ ಶಾಲೆ.