ಶಿರಸ್ತ್ರಾಣದೊಳಗಿನ ಮಂಜು

‘ನಮ್ಮ ಹುಡುಗಿಗೆ ಭೌತವಿಜ್ಞಾನವೇಕೆ? ಮನೆಗೆಲಸ ಬಂದರೆ ಸಾಲದೇ?’ ಎಂದು ಕೆಲವು ಹೆತ್ತವರು ನನ್ನನ್ನು ಕೇಳುವುದುಂಟು. ಅವರಿಗೆ ವಾದದಿಂದಲ್ಲ, ನಡೆದ ಒಂದು ಸಂಗತಿಯಿಂದ ಉತ್ತರ ಹೇಳಲಪೇಕ್ಷಿಸುತ್ತೇನೆ.

ಆಕಾಶಯಾತ್ರಿಕರು ಧರಿಸುವ ಶಿರಸ್ತ್ರಾಣವು ತಲೆಯನ್ನು ಪೆಟ್ಟಿನಿಂದ ಕಾಯುವ ಟೋಪಿ ಮಾತ್ರವಲ್ಲ. ಗಾಳಿಯಿಲ್ಲದ ಆ ಎಡೆಯಲ್ಲಿ ಉಸಿರಾಟಕ್ಕೆ ಬೇಕಾದ ಆಮ್ಲಜನಕವನ್ನು ತಕ್ಕ ಒತ್ತಡದಲ್ಲಿ ಹಿಡಿದಿಡುವ ಪುಟ್ಟ ಕೋಣೆಯೇ ಅದು. ಆದುದರಿಂದ ಅದು ಸೋರದಂತೆ ಮುಚ್ಚಿರತಕ್ಕದ್ದು. ಮುಚ್ಚಿದರೋ, ಉಸಿರು ಬೆವರುಗಳ ಆವಿಯನ್ನು ನೀಗಿಸುವ ಉಪಾಯವೂ ಬೇಕು. ಕಷ್ಟವೆಲ್ಲ ಇಲ್ಲಿಯೇ.

1966ನೆಯ ಇಸವಿ ಜೂನ್ 5ರಂದು ಅಮೆರಿಕದ ಯೂಜೀನ್ ಸರ್ನನ್ ಎಂಬವರು ಜೆಮಿನಿ ನೌಕೆಯಿಂದ ಹೊರಬಂದು ಎರಡು ಗಂಟೆಗಳಿಗೂ ಮಿಕ್ಕಿ ಶ್ರಮಿಸಿದರು. ಹಿಡಿದುಕೊಳ್ಳಲು ಸಾಕಷ್ಟು ಆಸರೆಯಿಲ್ಲದೆ ಒಂದೊಂದು ಚಲನೆಯೂ ಹೋರಾಟವಾಯಿತು. ಎದೆಗೆ ಕಟ್ಟಿದ್ದ ಯಂತ್ರವು ನೀಗಿಸಲಾರದಷ್ಟು ಆವಿ ತುಂಬಿ, ಮುಖದ ಮುಂದಿನ ಪಾರದರ್ಶಕ ಫಲಕಕ್ಕೆ ಮಂಜು ಕಟ್ಟಿತು. ಒಳಗೆ ಕೈಹಾಕಿ ಒರಸುವುದೆಂತು? ಮೂಗಿನ ತುದಿಯಿಂದ ಉಜ್ಜಿ ಸಣ್ಣದೊಂದು ಕಿಂಡಿಯನ್ನು ಮಾಡಿಕೊಂಡರು. ಬೆನ್ನಿಗೆ ಕಟ್ಟಿಕೊಂಡು ಪರೀಕ್ಷಿಸಬೇಕಾಗಿದ್ದ ಸಂಚಾರಯಂತ್ರವನ್ನು ಬಿಟ್ಟು ಹಿಂದಿರುಗಬೇಕಾಯಿತು.

ಕುದಿಯುವ ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಹನಿಗಟ್ಟುವುದನ್ನು ಕಾಣದ ಗೃಹಿಣಿಯುಂಟೇ? ಅಲ್ಲಿ ನಡೆದದ್ದೂ ಅದೇ ನಿಯಮ. ಮುಂದಿನ ಯಾತ್ರೆಗಳಲ್ಲಿ, ಹೊರಡುವ ಮುನ್ನ ಫಲಕದ ಒಳಮೈಗೆ ಮಂಜು ತಡೆಯುವ ದ್ರಾವಣವನ್ನು ಸವರಿದರು. ಕೈಕಾಲುಗಳಿಗೆ ಆಸರೆಗಳನ್ನೂ ಹೆಚ್ಚಿಸಿದರು. ಚಂದ್ರನಲ್ಲಿಗೆ ಹೋದ ಅಪೊಲೊ ಯಾತ್ರಿಕರ ಶಿರಸ್ತ್ರಾಣವು ಪಾಲಿಕಾರ್ಬೊನೇಟಿನ ಪಾರದರ್ಶಕ ಗುಮ್ಮಟ. ತಲೆಯ ಹಿಂಬದಿಯಿಂದ ಬರುವ ಆಮ್ಲಜನಕವು ಮುಖದ ಮುಂದೆ ಹರಿದು ಮಂಜನ್ನು ದೂರವಿಡುತ್ತಿತ್ತು. ಬಿಸಿಲಿನ ಝಳವನ್ನು ತಡೆಯಲು ಹೊರಗಿನ ಫಲಕಕ್ಕೆ ಚಿನ್ನದ ತೆಳುಲೇಪವಿತ್ತು. ಆ ಶಿರಸ್ತ್ರಾಣವನ್ನು ಕೂಡಿಸುವ ಉಡುಪನ್ನು ಹೊಲಿದವರು ಯಾರು? ಡೆಲವೇರ್ ಸಂಸ್ಥಾನದ ಡೋವರ್ ಪಟ್ಟಣದ ಹೊಲಿಗೆಗಾರ್ತಿಯರು. ಅವರಲ್ಲಿ ಹಲವರು ಮೊದಲು ಹೆಂಗಸರ ಉಡುಪುಗಳನ್ನು ಹೊಲಿಯುತ್ತಿದ್ದವರೇ. ಅವರ ಒಂದು ಹೊಲಿಗೆ ತಪ್ಪಿದರೂ ಒಬ್ಬನ ಪ್ರಾಣಕ್ಕೆ ಅಪಾಯವಿತ್ತು.

ಹೀಗಿರಲಾಗಿ ಅಡಿಗೆಮನೆಯೊಂದು ಲೋಕ, ವಿಜ್ಞಾನವೊಂದು ಲೋಕವೆಂದು ಗೋಡೆ ಕಟ್ಟುವುದು ಸರಿಯಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಸೂಜಿಯನ್ನು ಹಿಡಿದ ಕೈಯನ್ನು ವಿದ್ಯಾವಂತರು ತಾತ್ಸಾರಮಾಡಬಾರದು. ಸೂಜಿ ಹಿಡಿದವಳಿಗೆ ವಿದ್ಯೆ ಬೇಡವೆಂದು ಹೆತ್ತವರೂ ಹೇಳಬಾರದು. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರು. ‘ಮುಚ್ಚಳದಲ್ಲಿ ನೀರು ಎಲ್ಲಿಂದ ಬಂತು?’ ಎಂದು ಮಗಳು ಕೇಳಿದಾಗ, ‘ಸುಮ್ಮನಿರು’ ಎನ್ನದೆ ಒಲೆಯ ಬಳಿಯಲ್ಲಿಯೇ ಉತ್ತರ ಕೊಡಿರಿ. ಉತ್ತರ ತಿಳಿಯದಿದ್ದರೆ ಅವಳನ್ನು ನಮ್ಮಲ್ಲಿಗೆ ಕಳುಹಿಸಿರಿ. ಆದರೆ ಪ್ರಶ್ನೆಯನ್ನು ಮಾತ್ರ ಆರಿಸಬೇಡಿರಿ.