ಚಳ್ಳಕೆರೆಯ ಹಂದಿಗೆ ಆಫ್ರಿಕಾದ ಗುಂಡು

ನಮ್ಮ ಕಡೆ ಶೇಂಗಾ ಕೀಳೋ ಹೊತ್ತಿಗೆ ಎರಡು ಕಾಟ. ಒಂದು ಹಂದಿ, ಇನ್ನೊಂದು ಬಂದೂಕಿನ ಪಂಡಿತರು. ಹಂದಿಗಾದ್ರೂ ಹೊಟ್ಟೆ ಹಸಿವಿರುತ್ತೆ ಬಿಡಿ..

ಮೊನ್ನೆ ಮೊಳಕಾಲ್ಮೂರಲ್ಲಿ ಊಟಕ್ಕೆ ಕೂತಿದ್ದಾಗ ಬೆಂಗಳೂರಿಂದ ಬಂದಿದ್ದ ಹುಡುಗ ನಮ್ಮ ಸೋದರಮಾವನಿಗೆ ಉಪದೇಶ ಶುರು ಮಾಡಿದ. "ತಾತ, ಆ ಕೇಪಿನ ಕೋವಿ ಬಿಸಾಕಿ. ಬೋಲ್ಟ್ ಆಕ್ಷನ್ ರೈಫಲ್ ತಗೊಳ್ಳಿ, ಅದೂ .375 ಮ್ಯಾಗ್ನಮ್. ಹಂದಿ ಆಗ್ಲಿ ಕರಡಿ ಆಗ್ಲಿ, ಒಂದೇ ಏಟು." ಮಾವ ಹೂಂಗುಟ್ಟಿದ್ದು ನೋಡಿ ನನಗೆ ಮುದ್ದೆ ಗಂಟಲಲ್ಲೇ ನಿಂತಿತು.

ಅಲ್ಲಪ್ಪಾ, .375 ಅನ್ನೋದು 1912ರಲ್ಲಿ ಇಂಗ್ಲೆಂಡಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ತಂದ ತೋಟಾ. ಆಫ್ರಿಕಾದ ಕಾಡುಕೋಣ, ಆನೆ ಹೊಡೆಯೋರ ಅಚ್ಚುಮೆಚ್ಚು. ಗುಂಡು 300 ಗ್ರೇನ್, ಅಂದ್ರೆ 19 ಗ್ರಾಂಗಿಂತ ಹೆಚ್ಚು. ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಚಂಪಾವತ್ ಹುಲಿ ಕೊಂದಿದ್ದಕ್ಕೆ ಬಹುಮಾನ ಬಂದ ರಿಗ್ಬಿ ರೈಫಲ್ .275, ಅದೂ ಬೋಲ್ಟ್ ಆಕ್ಷನ್ನೇ. ಅದರ ಗುಂಡು 9 ಗ್ರಾಂ. ಮುಂದೆ ಎಷ್ಟೋ ನರಭಕ್ಷಕಗಳನ್ನ ಅದರಲ್ಲೇ ಹೊಡೆದ. ಬೆಲ್ ಅನ್ನೋ ಬೇಟೆಗಾರ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಆನೆ ಕೊಂದ, ಬಹುಪಾಲು ಇದೇ ಅಳತೆಯ ತೋಟಾದಲ್ಲಿ (ಪುಣ್ಯದ ಕೆಲಸ ಅಂತ ಹೇಳ್ತಿಲ್ಲ). ಗುಂಡು ಎಲ್ಲಿ ಬಿತ್ತು ಅನ್ನೋದೇ ಲೆಕ್ಕ. ದೊಡ್ಡ ಬಂದೂಕು ಭುಜಕ್ಕೆ ಒದೆಯುತ್ತೆ, ಮುಂದಿನ ಸಲ ಕುದುರೆ ಎಳೆಯೋಕೆ ಮುಂಚೆ ಕಣ್ಣು ತಾನೇ ಮುಚ್ಚುತ್ತೆ. ಆಗ ಎಂಥಾ ತೋಟಾ ಇದ್ದು ಏನು ಬಂತು?

ಇನ್ನು ಕಾನೂನು. ಶೋಕಿಗೆ ಬೇಟೆ ಆಡೋದು 1972ರ ವನ್ಯಜೀವಿ ಕಾಯ್ದೆಗೆ 1991ರಲ್ಲಿ ತಂದ ತಿದ್ದುಪಡಿಯ ಜೊತೆಗೇ ಮುಗೀತು. ಬೆಳೆಗೆ ಬಿದ್ದ ಹಂದಿಗೂ ಲಿಖಿತ ಅನುಮತಿ ಬೇಕು. ಕರಡಿ ಮೊದಲನೇ ಷೆಡ್ಯೂಲ್‌ನಲ್ಲಿದೆ. ಹಿಡಿಯೋಕೆ, ಮತ್ತು ಬರಿಸೋಕೆ, ಬೇರೆ ಕಡೆ ಬಿಡೋಕೆ ಆಗಲ್ಲ ಅಂತ ಮುಖ್ಯ ವನ್ಯಜೀವಿ ಪರಿಪಾಲಕರಿಗೇ ಮನವರಿಕೆ ಆಗ್ಬೇಕು. 1959ರ ಶಸ್ತ್ರ ಕಾಯ್ದೆ ಬೆಳೆ ಕಾಯೋನಿಗೆ ಅಂತ ಹೇಳಿರೋದು ಮದ್ದು ತುಂಬೋ ಕೋವಿ. ಅದು ಸಾಲದು ಅಂತ ಅಧಿಕಾರಿಗೆ ಅನಿಸಿದ್ರೆ ಬೇರೆ ನುಣುಪು ನಳಿಕೆಯ ಬಂದೂಕು. ರೈಫಲ್ ಅಲ್ಲ ಸ್ವಾಮಿ! ಇದರಲ್ಲಿ ಬುದ್ಧಿ ಇದೆ. ಕೋವಿಯ ಚಿಲ್ರೆ ಬೇಗ ಸುಸ್ತಾಗಿ ಬೀಳುತ್ತೆ. ರೈಫಲ್ ಗುಂಡು ಮೂರು ಕಿಲೋಮೀಟರ್ ಹೋದ್ರೂ ಆಶ್ಚರ್ಯವಿಲ್ಲ. ಚಳ್ಳಕೆರೆ ಸೀಮೆ ನೋಡಿದ್ದೀರಲ್ಲ, ಅಂಗೈ ಥರ ಬಯಲು, ಗುಂಡಿಗೆ ಅಡ್ಡ ನಿಲ್ಲೋಕೆ ಒಂದು ದಿಬ್ಬ ಇಲ್ಲ. ಮೊಳಕಾಲ್ಮೂರು ಕಡೆ ಗುಡ್ಡ ಇದೆ, ಆದ್ರೆ ಬರೀ ಬಂಡೆ. ಬಂಡೆಗೆ ಬಡಿದ ಗುಂಡು ಎತ್ತ ಸಿಡಿಯುತ್ತೋ ದೇವರಿಗೇ ಗೊತ್ತು. (ಅಲ್ಲೇ ಬ್ರಹ್ಮಗಿರಿ ಬಂಡೆ ಮೇಲೆ ಅಶೋಕ ಜೀವಿಗಳ ಮೇಲೆ ಕನಿಕರ ಇರಲಿ ಅಂತ ಕೆತ್ತಿಸಿದ್ದಾನೆ. ಓದೋರು ಯಾರು?)

ನಾನು ಇಷ್ಟು ಕೂಗಾಡೋಕೆ ಕಾರಣ ಇದೆ. ಹತ್ತೊಂಬತ್ತರ ವಯಸ್ಸಲ್ಲಿ ಇದೇ ಮಾವನ ಹೊಲದಲ್ಲಿ ರಾತ್ರಿ ಕಾವಲಿದ್ದೆ. ಅಂಚಿನಲ್ಲಿ ಕಪ್ಪಗೆ ಏನೋ ಬಗ್ಗಿ ಮಿಸುಕಾಡ್ತು. ಕೋವಿ ಎತ್ತಿ ಗುರಿ ಹಿಡಿದು ಬೆರಳು ಒತ್ತಿದೆ. ಮದ್ದು ಥಂಡಿ ಹಿಡಿದಿತ್ತೋ ಏನೋ, ಚಟ್ ಅಂತು ಅಷ್ಟೇ. ಆ ಕಪ್ಪು ಎದ್ದು ನಿಂತು ಕೆಮ್ಮಿತು. ಕಂಬಳಿ ಹೊದ್ದು ತಪ್ಪಿಸಿಕೊಂಡ ಕುರಿಮರಿ ಹುಡುಕ್ತಿದ್ದ ಹುಡುಗ! "ಯಾಕಣ್ಣಾ, ನಿದ್ದೆ ಬಂದಿಲ್ವಾ?" ಅಂದ. ನನಗೆ ಮಾತು ಹೊರಡಲಿಲ್ಲ. ಮಾವನಿಗೂ ಇವತ್ತಿನವರೆಗೆ ಹೇಳಿಲ್ಲ, ಇಲ್ಲೇ ಮೊದಲು ಬರೀತಿರೋದು. ಕೈಯಲ್ಲಿ ಆ ಪಂಡಿತ ಹೇಳೋ ರೈಫಲ್ ಇದ್ದಿದ್ರೆ ಅದು ಚಟ್ ಅಂತಿರಲಿಲ್ಲ.

ನಿನ್ನೆ ರಾತ್ರಿ ಮಾವನ ಫೋನು. ಮಳೆ, ಬೆಳೆ ಎಲ್ಲಾ ಮಾತಾಡಿ ಕೊನೆಗೆ ಮೆಲ್ಲಗೆ ಕೇಳಿದ್ರು, "ಆ ಹುಡುಗ ಹೇಳ್ದ ರೈಫಲ್ಲು.. ಎಷ್ಟಾಗುತ್ತಂತೋ?"