ಅಗ್ಗದ ವಾಹನ, ಅಮೂಲ್ಯ ಜೀವ

ಹೊಸದುರ್ಗದ ಸೀಮೆ ತೆಂಗಿನ ಸೀಮೆ. ಅಲ್ಲಿನ ತೋಟಗಳಲ್ಲಿ ನಡೆಯುವವರು ಎತ್ತರದ ಮರದಿಂದ ಬಲಿತ ಕಾಯಿ ದೊಪ್ಪನೆ ಬೀಳುವ ಸದ್ದನ್ನು ಕೇಳಿಯೇ ಇರುತ್ತಾರೆ. ಅಷ್ಟು ಮೇಲಿಂದ ಬಿದ್ದರೂ ಒಳಗಿನ ಕಾಯಿ ಸಾಮಾನ್ಯವಾಗಿ ಒಡೆಯುವುದಿಲ್ಲ. ಅದೇ ಕಾಯಿಯ ಸಿಪ್ಪೆ ಸುಲಿದು ಗುಡಿಯ ಮುಂದಿನ ಕಲ್ಲಿಗೆ ಹೊಡೆದರೆ ಎರಡು ಹೋಳಾಗುತ್ತದೆ. ಈ ವ್ಯತ್ಯಾಸದಲ್ಲಿ ನಾವು ಕಲಿಯಬೇಕಾದ ಪಾಠವೊಂದು ಅಡಗಿದೆ.

ಅದೇ ತಾಲ್ಲೂಕಿನ ಹಾಲುರಾಮೇಶ್ವರ ಒಂದು ಯಾತ್ರಾಸ್ಥಳ. ಇಂತಹ ಕ್ಷೇತ್ರಗಳಿಗೆ ಹಳ್ಳಿಯ ಜನರು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಒತ್ತಾಗಿ ಕುಳಿತು ಹೋಗುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಹಿಡಿದುಕೊಳ್ಳಲು ಆಸರೆಯಿಲ್ಲ, ಬಂಡಿ ಮಗುಚಿದರೆ ತಡೆಯುವ ಚೌಕಟ್ಟಿಲ್ಲ. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ, ಮದುವೆಗೆ ಹೊರಟಿದ್ದ ಇಂತಹದೊಂದು ಟ್ರೇಲರ್ ತಿರುವಿನಲ್ಲಿ ಮಗುಚಿತು. ನನ್ನ ತರಗತಿಯ ಮುಂದಿನ ಸಾಲಿನಲ್ಲಿ ಒಂದು ಸ್ಥಳ ಆ ವರ್ಷವೆಲ್ಲ ಬರಿದಾಗಿಯೇ ಉಳಿಯಿತು. ಜನರು ಅದನ್ನು ವಿಧಿಯೆಂದರು. ನಾನು ಹಾಗೆ ಹೇಳಲಾರೆ. ಸರಕಿನ ಬಂಡಿಯಲ್ಲಿ ಮನುಷ್ಯರನ್ನು ಕೂರಿಸಿದ್ದು ನಮ್ಮ ತಪ್ಪು. ಬಡವರಿಗೆ ಎಟಕುವ ಬೆಲೆಯಲ್ಲಿ ಸುರಕ್ಷಿತ ವಾಹನವನ್ನು ರೂಪಿಸದಿದ್ದುದು ವಿದ್ಯಾವಂತರ ತಪ್ಪು.

ಆದುದರಿಂದಲೇ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಒಂದು ಸ್ಪರ್ಧೆ ನನಗೆ ಭರವಸೆಯನ್ನು ನೀಡಿದೆ. ‘ಬಾಹಾ’ ಎಂಬ ಈ ಸ್ಪರ್ಧೆಯು 1976ರಲ್ಲಿ ಅಮೆರಿಕದಲ್ಲಿ ಮೊದಲಾಗಿ, 2007ರಲ್ಲಿ ಭಾರತಕ್ಕೆ ಬಂದಿತು. ಕರ್ನಾಟಕದ ಕಾಲೇಜುಗಳ ತಂಡಗಳೂ ಇದರಲ್ಲಿ ಭಾಗವಹಿಸಿವೆ. ಕಲ್ಲುಮುಳ್ಳಿನ ನೆಲದಲ್ಲಿ ಓಡಬಲ್ಲ, ಒಬ್ಬರು ಕೂರುವ ವಾಹನವನ್ನು ವಿದ್ಯಾರ್ಥಿಗಳೇ ನಿರ್ಮಿಸಬೇಕು. ವಾಹನ ಮಗುಚಿದರೂ ಚಾಲಕನನ್ನು ಕಾಯುವ ಉಕ್ಕಿನ ಪಂಜರ ಕಡ್ಡಾಯ. ಮಾಡಿದ ವೆಚ್ಚಕ್ಕೂ ಅಂಕಗಳುಂಟು. ಎಲ್ಲಕ್ಕಿಂತ ಮಿಗಿಲಾಗಿ, ಅದನ್ನು ನಡೆಸುವವನು ಕಟ್ಟಿದ ತಂಡದವನೇ. ತಾನು ಬೆಸೆದ ಕೊಳವೆಯ ಕೆಳಗೆ ತಾನೇ ಕುಳಿತುಕೊಳ್ಳಬೇಕಾದವನು ಬೆಸುಗೆಯಲ್ಲಿ ಉದಾಸೀನ ಮಾಡುವನೇ?

ಈಗ ತೆಂಗಿನಕಾಯಿಯತ್ತ ಮರಳೋಣ. ಅದರ ನಾರಿನ ಸಿಪ್ಪೆ ಮೆತ್ತಗಿದ್ದು, ತಾನು ಕುಗ್ಗಿ ಏಟಿನ ರಭಸವನ್ನು ನುಂಗುತ್ತದೆ. ಒಳಗಿನ ಚಿಪ್ಪು ಗಟ್ಟಿಯಾಗಿದ್ದು ತಿರುಳನ್ನು ಕಾಯುತ್ತದೆ. ಇಂದಿನ ಕಾರುಗಳ ವಿನ್ಯಾಸವೂ ಹೀಗೆಯೇ: ಮುಂಭಾಗ ಮತ್ತು ಹಿಂಭಾಗಗಳು ಕುಗ್ಗಬೇಕು, ಜನರು ಕೂರುವ ನಡುಭಾಗ ಕುಗ್ಗಬಾರದು. ಹೊರಗೆ ಮೃದುತ್ವ, ಒಳಗೆ ದೃಢತೆ. ರಕ್ಷಣೆಯ ಗುಟ್ಟು ಇದೇ.

‘ಇಷ್ಟೆಲ್ಲ ಮಾಡಿದರೆ ಅಗ್ಗದ ವಾಹನ ಅಗ್ಗವಾಗಿ ಉಳಿಯುವುದೆಂತು?’ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜವಾದುದು. ಆದರೆ ಬುದ್ಧಿ ದುಡಿದರೆ ಹಣ ಉಳಿಯುತ್ತದೆ. 25 ಮಿಲಿಮೀಟರ್ ವ್ಯಾಸದ, 3 ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆಯೊಂದನ್ನು ತೆಗೆದುಕೊಳ್ಳಿ. ಅದರ ಬದಲು ಅದೇ ಉಕ್ಕಿನ, 32 ಮಿಲಿಮೀಟರ್ ವ್ಯಾಸದ, 1.6 ಮಿಲಿಮೀಟರ್ ದಪ್ಪದ ಕೊಳವೆಯನ್ನು ಬಳಸಿದರೆ ಉಕ್ಕು ಕಾಲುಭಾಗದಷ್ಟು ಉಳಿಯುತ್ತದೆ. ಬಾಗುವಿಕೆಯನ್ನು ತಡೆಯುವ ಶಕ್ತಿಯಾದರೋ ಕುಂದುವುದಿಲ್ಲ. ಟೊಳ್ಳಾದ ಬಿದಿರು ಗಾಳಿಗೆ ಎದುರು ನಿಲ್ಲುವುದೂ ಈ ನಿಯಮದಿಂದಲೇ.

ಸ್ವೀಡನ್ ದೇಶವು 1959ರಲ್ಲಿ ಹೊಸ ಟ್ರ್ಯಾಕ್ಟರುಗಳಿಗೆ ರಕ್ಷಣಾ ಚೌಕಟ್ಟನ್ನು ಕಡ್ಡಾಯಗೊಳಿಸಿತು. ಟ್ರ್ಯಾಕ್ಟರ್ ಮಗುಚಿ ಸಾಯುವ ರೈತರ ಸಂಖ್ಯೆ ಕ್ರಮೇಣ ಬಹುವಾಗಿ ಇಳಿಯಿತು. ಅದೇ ವರ್ಷ ಅಲ್ಲಿನ ವೋಲ್ವೋ ಸಂಸ್ಥೆಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ, ಭುಜ ಮತ್ತು ಸೊಂಟಗಳೆರಡನ್ನೂ ಹಿಡಿಯುವ ಪಟ್ಟಿಯು ಕಾರುಗಳಲ್ಲಿ ಬಳಕೆಗೆ ಬಂದಿತು. ಆ ಸಂಸ್ಥೆ ಅದನ್ನು ಇತರ ತಯಾರಕರೂ ಬಳಸಲು ಬಿಟ್ಟುಕೊಟ್ಟಿತು. ಕೆಲವು ಕೊಳವೆಗಳು, ಒಂದು ಪಟ್ಟಿ. ಇವು ಸಿರಿವಂತರಿಗೆ ಮಾತ್ರ ದಕ್ಕುವ ವಸ್ತುಗಳೇ?

ವಾಹನದ ಬೆಲೆಯನ್ನು ಇಳಿಸುವಾಗ ಬಣ್ಣವನ್ನು ಬಿಡಬಹುದು, ಅಲಂಕಾರವನ್ನು ಬಿಡಬಹುದು, ವೇಗವನ್ನೂ ತಗ್ಗಿಸಬಹುದು. ರಕ್ಷಣೆಯನ್ನು ಮಾತ್ರ ಕೈಬಿಡಲಾಗದು. ಅದು ಲೆಕ್ಕದ ಮೊದಲ ಸಾಲಿನಲ್ಲಿ ಇರಬೇಕೇ ಹೊರತು ಉಳಿದ ಹಣದಲ್ಲಿ ಕೊನೆಗೆ ಸೇರಿಸುವಂಥದಲ್ಲ. ಅಪಘಾತವಾದ ಮೇಲೆ ಮರುಗುವುದು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗುವಿರಿ, ಕೆಲವರು ಬೆಸುಗೆಯ ಕೆಲಸಗಾರರಾಗುವಿರಿ. ಬಡವರಿಗಾಗಿ ಏನನ್ನು ಕಟ್ಟಿದರೂ ಒಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ: ‘ಇದರಲ್ಲಿ ನನ್ನ ತಾಯಿಯನ್ನು ಕೂರಿಸಿ ಕಳುಹಿಸಬಲ್ಲೆನೇ?’ ‘ಹೌದು’ ಎಂದು ಮನಸ್ಸು ನಿಸ್ಸಂದೇಹವಾಗಿ ಹೇಳುವವರೆಗೆ ನಿಮ್ಮ ಕೆಲಸ ಮುಗಿದಿಲ್ಲವೆಂದೇ ತಿಳಿಯಿರಿ.